ಶಾಗೊಹೊಡ್ ಸ್ಕ್ರೂ ಗದ್ದೆಗಿಳಿಯಿತು: ಹತ್ತು ವಾರಗಳ ಕೆಲಸದ ದಾಖಲೆ

ಆಗಸ್ಟ್ 24ರ ಭಾನುವಾರ ಮಂಡ್ಯದ ಹತ್ತಿರ ನಮ್ಮ ಸೋದರಮಾವನ ಗದ್ದೆಯಲ್ಲಿ ನಾನು ಕಟ್ಟಿದ ಪುಟ್ಟ ರಿಮೋಟ್ ಗಾಡಿ ಹತ್ತು ಮೀಟರ್ ದೂರವನ್ನು 21 ಸೆಕೆಂಡಿನಲ್ಲಿ ದಾಟಿತು. ಅದಕ್ಕೆ ಚಕ್ರವಿಲ್ಲ, ಟ್ಯಾಂಕಿನ ಪಟ್ಟಿಯೂ ಇಲ್ಲ. ಇರುವುದು ಎರಡು ಪಿವಿಸಿ ಪೈಪು, ಅವುಗಳಿಗೆ ಸುತ್ತಿದ ಸುರುಳಿ ರೆಕ್ಕೆ, ಎರಡು ಮೋಟರ್. ಮೊಣಕಾಲುದ್ದ ಕೆಸರಿನಲ್ಲಿ ನಾನು ಕಾಲು ಕೀಳಲು ಒದ್ದಾಡುತ್ತಿದ್ದರೆ ಅದು ನನ್ನನ್ನು ಹಿಂದೆ ಹಾಕಿ ಹೋಯಿತು. ಜೂನ್‌ನಿಂದ ಬರೆದಿಟ್ಟ ಟಿಪ್ಪಣಿಗಳನ್ನು ಮರೆಯುವ ಮುಂಚೆ ಒಂದು ಕಡೆ ಕೂಡಿಸುತ್ತಿದ್ದೇನೆ. ತಪ್ಪುಗಳನ್ನು ಬಿಡದೆ ಬರೆದಿದ್ದೇನೆ, ಏಕೆಂದರೆ ಒಟ್ಟು ಖರ್ಚಿನಲ್ಲಿ ಕಾಲು ಭಾಗ ಹೋಗಿದ್ದು ಅವುಗಳಿಗೇ.

ಏಕೆ ಇದನ್ನು ಕಟ್ಟಿದೆ ಎಂದು ಮೊದಲು ಹೇಳಿಬಿಡುತ್ತೇನೆ. 2004ರಲ್ಲಿ ಬಂದ ಮೆಟಲ್ ಗಿಯರ್ ಸಾಲಿಡ್ 3 ಆಟ ಆಡಿದವರಿಗೆ ಶಾಗೊಹೊಡ್ ಗೊತ್ತು. ಕತೆ ನಡೆಯುವುದು 1964ರ ಸೋವಿಯತ್ ಕಾಡಿನಲ್ಲಿ. ಸೊಕೊಲೊವ್ ಎಂಬ ವಿಜ್ಞಾನಿ ವಿನ್ಯಾಸ ಮಾಡಿದ ಅಣು ಕ್ಷಿಪಣಿ ಟ್ಯಾಂಕು ಅದು. ಹೊಟ್ಟೆಯ ಕೆಳಗೆ ಎರಡು ದೈತ್ಯ ಸ್ಕ್ರೂ, ಹಿಂದೆ ರಾಕೆಟ್. ರಷ್ಯನ್ ಭಾಷೆಯಲ್ಲಿ ಶಗ್ ಎಂದರೆ ಹೆಜ್ಜೆ, ಖೊದ್ ಎಂದರೆ ನಡೆ. ಗೆಳೆಯನ ಮನೆಯ ಪ್ಲೇಸ್ಟೇಷನ್ 2ರಲ್ಲಿ, ಸೈಡ್‌ಕಾರ್ ಬೈಕಿನ ಹಿಂದೆ ಅದು ಕಾಂಕ್ರೀಟ್ ಅರೆಯುತ್ತಾ ಅಟ್ಟಿಸಿಕೊಂಡು ಬಂದ ಸಂಜೆಯಿಂದ ನನಗೆ ಅದರ ಹುಚ್ಚು. 2025ರ ಆಗಸ್ಟ್ 28ಕ್ಕೆ ಆ ಆಟದ ಹೊಸ ರೂಪ ಡೆಲ್ಟಾ ಬಿಡುಗಡೆ ಎಂದು ತಿಳಿದಾಗ, ಅಷ್ಟರೊಳಗೆ ನನ್ನದೊಂದು ಓಡಬೇಕು ಅಂದುಕೊಂಡೆ.

ಸ್ಕ್ರೂ ಮೇಲೆ ಓಡುವ ವಾಹನ ಬರೀ ಕಲ್ಪನೆ ಅಂತ ಆಟ ಆಡಿದ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಮಾಸ್ಕೋದ ಜಿಲ್ ಕಾರ್ಖಾನೆ ಇಂಥದ್ದನ್ನು ನಿಜಕ್ಕೂ ಕಟ್ಟಿತು, ಅದೂ ಯುದ್ಧಕ್ಕಲ್ಲ. 1965ರ ಮಾರ್ಚ್‌ನಲ್ಲಿ ಸೋವಿಯತ್ ಬಾಹ್ಯಾಕಾಶ ನೌಕೆ ವೊಸ್ಖೊದ್ 2 ಗುರಿ ತಪ್ಪಿ ಪೆರ್ಮ್ ಕಡೆಯ ಹಿಮದ ಕಾಡಿನಲ್ಲಿ ಇಳಿದಾಗ ಅದರಲ್ಲಿದ್ದ ಲಿಯೊನೊವ್ ಮತ್ತು ಬೆಲ್ಯಾಯೆವ್ ಎರಡು ರಾತ್ರಿ ಅಲ್ಲೇ ಕಳೆಯಬೇಕಾಯಿತು. ಅಂಥ ಜಾಗಕ್ಕೆ ಹೋಗಿ ಗಗನಯಾತ್ರಿಗಳನ್ನು ಕರೆತರಲು ಜಿಲ್‌ನ ಎಂಜಿನಿಯರ್ ವಿತಾಲಿ ಗ್ರಾಚೆವ್ ಅವರ ತಂಡ ನೀರಿನಲ್ಲೂ ಓಡುವ ಲಾರಿಗಳನ್ನು ರೂಪಿಸಿತು. ಆ ಲಾರಿಯ ಬೆನ್ನ ಮೇಲೆ ಹೊತ್ತು ತರುವ ಪುಟ್ಟ ಸ್ಕ್ರೂ ಗಾಡಿಯೇ ಜಿಲ್ 2906. ನಾನು ಮಾದರಿಯಾಗಿ ಇಟ್ಟುಕೊಂಡಿದ್ದು ಕೆಳಗೆ ಜಿಲ್, ಮೇಲೆ ಶಾಗೊಹೊಡ್.

ಜೂನ್ 14, ಶನಿವಾರ. ಅಳತೆ

ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೂತು ಲೆಕ್ಕ ಹಾಕಿದೆ. ಉರುಳೆಗೆ 90 ಮಿ.ಮೀ. ಪೈಪು, ಉದ್ದ 450 ಮಿ.ಮೀ. ರೆಕ್ಕೆಯ ಎತ್ತರ 20 ಮಿ.ಮೀ., ಪಿಚ್ (ಒಂದು ಸುತ್ತಿಗೆ ರೆಕ್ಕೆ ಮುಂದೆ ಸಾಗುವ ದೂರ) 150, ಅಂದರೆ ಒಂದು ಉರುಳೆಗೆ ಮೂರು ಸುತ್ತು. ಎರಡು ತುದಿಗೂ ಕ್ಯಾಪ್ ಹಾಕಿ ಮುಚ್ಚಿದರೆ ಎರಡು ಉರುಳೆ ಸೇರಿ ಸುಮಾರು 5.7 ಲೀಟರ್ ಗಾಳಿ. ಒಟ್ಟು ತೂಕ ಮೂರು ಕೆ.ಜಿ. ಹತ್ತಿರ ನಿಂತರೆ ಅರ್ಧ ಮುಳುಗಿ ತೇಲುತ್ತದೆ. ಪೈಪು ಹಾಗೂ 110 ಮಿ.ಮೀ. ಪೈಪಿನ ಒಂದು ತುಂಡು ಸೇರಿ 310 ರೂ., ನಾಲ್ಕು ಕ್ಯಾಪ್ 200, ಸಾಲ್ವೆಂಟ್ ಸಿಮೆಂಟ್, ಅಂದರೆ ಪಿವಿಸಿ ಅಂಟು, 95.

ಜೂನ್ 22. ಮೊದಲ ರೆಕ್ಕೆ, ಮೊದಲ ಸೋಲು

ಸುಲಭ ದಾರಿ ಹಿಡಿದೆ. ಗಿಡಕ್ಕೆ ನೀರು ಹಾಯಿಸುವ ಅರ್ಧ ಇಂಚಿನ ಹಳೆಯ ಪೈಪನ್ನು ಉರುಳೆಗೆ ಸುರುಳಿಯಾಗಿ ಸುತ್ತಿ ಅಂಟಿಸಿದೆ. ನೋಡಲು ಚೆನ್ನಾಗಿತ್ತು. ಕೆಸರು ಕಲಸಿದ ಸಿಮೆಂಟ್ ಬಾಣಲಿಯಲ್ಲಿ ಇಟ್ಟು ಕೈಯಲ್ಲಿ ತಿರುಗಿಸಿದರೆ ಇದ್ದಲ್ಲೇ ಸುತ್ತುತ್ತದೆ, ಒಂದಿಂಚೂ ಮುಂದೆ ಹೋಗದು. ದುಂಡಗಿನ ಅಂಚು ಕೆಸರನ್ನು ಕತ್ತರಿಸುವುದಿಲ್ಲ, ಸವರಿಕೊಂಡು ಜಾರುತ್ತದೆ. ಜೊತೆಗೆ ಆ ರಬ್ಬರಿಗೂ ಪಿವಿಸಿಗೂ ಅಂಟು ಕೂಡಲಿಲ್ಲ, ಸಂಜೆಯ ಹೊತ್ತಿಗೆ ಅರ್ಧ ಕಿತ್ತು ಬಂದಿತ್ತು.

ಜೂನ್ 29. ಪೈಪನ್ನು ಹಾಳೆ ಮಾಡಿದ್ದು

ರೆಕ್ಕೆಯೂ ಪಿವಿಸಿಯೇ ಆದರೆ ಸಾಲ್ವೆಂಟ್ ಸಿಮೆಂಟ್ ಎರಡನ್ನೂ ಒಂದೇ ಮಾಡಿಬಿಡುತ್ತದೆ. 110 ಮಿ.ಮೀ. ಪೈಪಿನ ತುಂಡನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ, ಕುದಿಯುವ ನೀರು ಹುಯ್ದು ಮೆತ್ತಗೆ ಮಾಡಿ, ಬಿಡಿಸಿ, ಎರಡು ಕಡಪ ಕಲ್ಲಿನ ನಡುವೆ ಒತ್ತಿಟ್ಟೆ. ಹತ್ತು ನಿಮಿಷದಲ್ಲಿ ಸಮತಟ್ಟಾದ ಹಾಳೆ ಸಿಕ್ಕಿತು. ಮೂಲೆಗಳಿಗೆ ಮಾತ್ರ ಹೀಟ್ ಗನ್ ತೋರಿಸಿದೆ. ಹೀಟ್ ಗನ್ ಹಿಡಿಯುವುದಾದರೆ ಬಯಲಲ್ಲೇ ಹಿಡಿಯಿರಿ. ಪಿವಿಸಿ ಕಂದು ಬಣ್ಣಕ್ಕೆ ತಿರುಗಿತೆಂದರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಗಂಟಲು ಉರಿಯುತ್ತದೆ.

ಆಮೇಲಿನದು ದೊಡ್ಡ ತಪ್ಪು. ಪೈಪು 90, ಆದ್ದರಿಂದ ಉಂಗುರದ ಒಳರಂಧ್ರವೂ 90 ಎಂದು ಆರು ಉಂಗುರ ಕತ್ತರಿಸಿ ಅರದಿಂದ ಉಜ್ಜಿ ನುಣುಪು ಮಾಡಿದೆ. ಒಂದು ಕಡೆ ಸೀಳಿ ಸ್ಪ್ರಿಂಗಿನ ಹಾಗೆ ಎಳೆದು ಪೈಪಿಗೆ ಹಾಕಲು ಹೋದರೆ ಪೈಪೇ ಹಿಡಿಸುವುದಿಲ್ಲ. ಎಳೆದಾಗ ಉಂಗುರ ಒಳಕ್ಕೆ ಬಿಗಿಯುತ್ತದೆ ಎಂಬುದು ತಲೆಗೇ ಬಂದಿರಲಿಲ್ಲ. ಇಡೀ ದಿನ ಹೋಯಿತು.

ಜುಲೈ 6. ಸರಿಯಾದ ಉಂಗುರ

ಇದನ್ನು ಯಾರಾದರೂ ಕಟ್ಟುವುದಾದರೆ ಈ ಒಂದು ಅಳತೆ ಬರೆದಿಟ್ಟುಕೊಳ್ಳಿ. 90 ಪೈಪು, 20 ರೆಕ್ಕೆ, 150 ಪಿಚ್ ಇದ್ದಾಗ ಚಪ್ಪಟೆ ಉಂಗುರದ ಒಳವ್ಯಾಸ 111 ಮಿ.ಮೀ., ಹೊರವ್ಯಾಸ 151 ಮಿ.ಮೀ. ಇರಬೇಕು. ಅದರಲ್ಲಿ 30 ಡಿಗ್ರಿಯಷ್ಟು ತುಂಡನ್ನು ಕತ್ತರಿಸಿ ತೆಗೆಯಬೇಕು. ಉಳಿದದ್ದನ್ನು ಬಿಸಿ ನೀರಿನಲ್ಲಿ ಅದ್ದಿ ಎಳೆದರೆ ಪೈಪಿನ ಮೇಲೆ ಬಳೆ ಕೂತ ಹಾಗೆ ಕೂರುತ್ತದೆ. ಮೊದಲ ಉಂಗುರ ಕೂತಾಗ ಅದರ ಒಳ ಅಂಚಿಗೂ ಪೈಪಿಗೂ ನಡುವೆ ಕಾಗದ ತೂರಲಿಲ್ಲ. ಪೈಪಿಗೆ ಗ್ರಾಫ್ ಕಾಗದ ಸುತ್ತಿ, ಸುರುಳಿಯ ಗೆರೆ ಎಳೆದು, ಆ ಗೆರೆ ಹಿಡಿದು ಸಿಮೆಂಟ್ ಹಚ್ಚಿದೆ. ರಾತ್ರಿಯೆಲ್ಲಾ ಒಣಗಲು ಬಿಟ್ಟೆ. ಬೆಳಗ್ಗೆ ರೆಕ್ಕೆ ಹಿಡಿದು ಉರುಳೆಯನ್ನೇ ಎತ್ತಿದರೂ ಅಲುಗಲಿಲ್ಲ.

ಜುಲೈ 13. ಮೋಟರ್, ಚೌಕಟ್ಟು

ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ 12 ವೋಲ್ಟಿನ ಗೇರ್ ಮೋಟರ್ ಎರಡು ತಂದೆ, 1000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಎರಡಕ್ಕೆ 900 ರೂ. ವೇಗ ಬೇಕು ಅನ್ನುವ ಆಸೆಯಿಂದ ಆರಿಸಿದ್ದು. ಅದೂ ತಪ್ಪು, ಮುಂದೆ ಬರುತ್ತದೆ. ಸ್ಪೀಡ್ ಕಂಟ್ರೋಲರ್ ಎರಡು 1,100, ಮೂರು ಸೆಲ್ಲಿನ 2200 ಎಂಎಎಚ್ ಲಿಥಿಯಂ ಬ್ಯಾಟರಿ 1,650. ರಿಮೋಟ್ ಹಳೆಯ ಕಾರಿನದು ಮನೆಯಲ್ಲೇ ಇತ್ತು.

ಉರುಳೆಯ ನಡುಗಂಬಿ ನೀರಿನ ಮಟ್ಟದಲ್ಲೇ ಇರುತ್ತದೆ, ಹಾಗಾಗಿ ಮೋಟರ್ ನೆನೆಯುವುದು ಖಚಿತ. 50 ಮಿ.ಮೀ. ಪೈಪಿನ ತುಂಡಿನೊಳಗೆ ಮೋಟರ್ ಕೂರಿಸಿ, ಎರಡನ್ನೂ ಕೂಡಿಸುವ ಕಪ್ಲರಿನಿಂದ 8 ಮಿ.ಮೀ. ಸ್ಟೀಲ್ ಕಂಬಿ ಹೊರಗೆ ತಂದೆ. 608 ಬೇರಿಂಗ್, ಅದರ ಮುಂದೆ ನೀರು ತಡೆಯಲು ರಬ್ಬರಿನ ಓ-ರಿಂಗ್, ಮೇಲೆ ಗ್ರೀಸ್. ಚೌಕಟ್ಟು ಉಳಿದಿದ್ದ ಪ್ಲೈವುಡ್‌ನದು. ಎರಡು ಉರುಳೆಗಳ ನಡುವಿನ ಅಂತರ 260 ಮಿ.ಮೀ.

ಜುಲೈ 20. ಗರಗರ ಸುತ್ತಿದ ದಿನ

ಹಿತ್ತಲಲ್ಲಿ ಎರಡು ಮೀಟರ್ ಉದ್ದದ ಗುಂಡಿ ತೋಡಿ ನೀರು ಬಿಟ್ಟು ಕೆಸರು ಮಾಡಿಕೊಂಡಿದ್ದೆ. ಎರಡು ಉರುಳೆಯನ್ನೂ ಎದುರುಬದುರು ದಿಕ್ಕಿಗೆ ತಿರುಗಿಸಿದರೆ ಮುಂದೆ ಹೋಗಬೇಕಿತ್ತು. ನಿಂತಲ್ಲೇ ಸುತ್ತಿತು. ವೈರು ತಿರುಗುಮುರುಗಾಗಿದೆ ಎಂದು ಅದಲುಬದಲು ಮಾಡಿದೆ, ಈಗ ಇನ್ನೊಂದು ಕಡೆಗೆ ಸುತ್ತಿತು. ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದಾಗ ಮುಂದೇನೋ ಹೋಯಿತು, ಆದರೆ ಏಡಿಯ ಹಾಗೆ ಓರೆಯಾಗಿ, ಗುಂಡಿಯ ಗೋಡೆಗೆ ಒರಗಿ ನಿಂತಿತು. ಒಂದೂವರೆ ಗಂಟೆ ರಿಮೋಟಿನ ಸೆಟ್ಟಿಂಗ್ ಕೆದಕಿದ ಮೇಲೆ ಗಾಡಿಯನ್ನು ಎತ್ತಿ ತಲೆಕೆಳಗು ಮಾಡಿ ನೋಡಿದೆ.

ಎರಡೂ ಉರುಳೆಗಳ ರೆಕ್ಕೆ ಒಂದೇ ಕಡೆಗೆ ವಾಲಿದ್ದವು. ಒಂದೇ ಗ್ರಾಫ್ ಕಾಗದವನ್ನು ಎರಡಕ್ಕೂ ಸುತ್ತಿ ಗೆರೆ ಎಳೆದಿದ್ದೆ, ಎರಡೂ ಬಲಸುತ್ತು ಆಗಿದ್ದವು. ಒಂದು ಬಲಸುತ್ತು, ಇನ್ನೊಂದು ಎಡಸುತ್ತು ಇದ್ದರಷ್ಟೇ ಪಕ್ಕಕ್ಕೆ ಉರುಳುವ ಎಳೆತ ಒಂದಕ್ಕೊಂದು ವಜಾ ಆಗಿ ಗಾಡಿ ನೇರ ಓಡುತ್ತದೆ. ಜಿಲ್ ಗಾಡಿಯ ಚಿತ್ರಗಳನ್ನು ನೂರು ಸಲ ನೋಡಿದ್ದೆ. ರೆಕ್ಕೆಗಳು ಮೀನಿನ ಮುಳ್ಳಿನಂತೆ ಎದುರುಬದುರಾಗಿರುವುದು ಕಣ್ಣಿಗೆ ಬಿದ್ದಿತ್ತು, ಕೈಗೆ ಬಂದಿರಲಿಲ್ಲ. ಸಾಲ್ವೆಂಟ್ ಸಿಮೆಂಟಿನಿಂದ ಕೂಡಿದ್ದನ್ನು ಬಿಡಿಸುವ ದಾರಿಯೇ ಇಲ್ಲ. ಒಂದು ಉರುಳೆಯನ್ನು ಪಕ್ಕಕ್ಕಿಟ್ಟು ಹೊಸದು ಮಾಡಬೇಕಾಯಿತು. 410 ರೂ., ಮುಂದಿನ ಭಾನುವಾರ ಪೂರ್ತಿ.

ಆಗಸ್ಟ್ 3. ಗಟ್ಟಿ ನೆಲ

ಎಡಸುತ್ತಿನ ಉರುಳೆ ಸಿದ್ಧವಾಗಿತ್ತು. ಹಿತ್ತಲ ಗುಂಡಿ ಮಳೆಗೆ ತುಂಬಿ ಕುಸಿದಿದ್ದರಿಂದ ಜಗುಲಿಯ ಕೆಂಪು ಗಾರೆ ನೆಲದ ಮೇಲೆ ಬಿಟ್ಟೆ. ಎದುರುಬದುರು ತಿರುಗಿಸಿದರೆ ಕರಕರ ಸದ್ದು, ಗಾಡಿ ನಡುಗುತ್ತದೆ, ಮುಂದೆ ಒಂದು ಗೇಣೂ ಹೋಗದು. ರೆಕ್ಕೆಯ ಅಂಚಿನಿಂದ ಬಿಳಿ ಪುಡಿ ಉದುರಿತು. ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದಾಗ ಮಾತ್ರ ಸಲೀಸಾಗಿ ಪಕ್ಕಕ್ಕೆ ಉರುಳಿಕೊಂಡು ಹೋಯಿತು, ಲಟ್ಟಣಿಗೆಯ ಹಾಗೆ.

ನಾನು ಇಪ್ಪತ್ತು ವರ್ಷದಿಂದ ಪ್ರೀತಿಸಿದ ದೃಶ್ಯ ಸುಳ್ಳು ಎಂದು ಗೊತ್ತಾಗಿದ್ದು ಈ ಜಗುಲಿಯ ಮೇಲೆ. ಆಟದಲ್ಲಿ ಶಾಗೊಹೊಡ್ ಅಟ್ಟಿಸಿಕೊಂಡು ಬರುವುದು ಗ್ರೋಜ್ನಿ ಗ್ರಾದ್ ಕೋಟೆಯ ಕಾಂಕ್ರೀಟ್ ರನ್‌ವೇ ಮೇಲೆ. ಸ್ಕ್ರೂ ಗಾಡಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಇದಕ್ಕೆ ನಿಜವಾದ ಸಾಕ್ಷಿ ಅಮೆರಿಕದಲ್ಲಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ನದಿ, ಜೌಗು ದಾಟಲೆಂದು ಕ್ರೈಸ್ಲರ್ ಕಂಪನಿ ಅವರ ಸೇನೆಗೆ ದೊಡ್ಡ ಸ್ಕ್ರೂ ವಾಹನ ಕಟ್ಟಿಕೊಟ್ಟಿತ್ತು. ನೀರಿನಲ್ಲಿ ಗಂಟೆಗೆ ಸುಮಾರು 29 ಕಿ.ಮೀ., ಜೌಗಿನಲ್ಲಿ 46 ಕಿ.ಮೀ. ಓಡಿದ ಅದು ಗಟ್ಟಿ ನೆಲದಲ್ಲಿ ಆರು ಕಿ.ಮೀ. ಕೂಡ ಮುಟ್ಟಲಿಲ್ಲ. ರಸ್ತೆ ದಾಟಲಾರದ ವಾಹನವನ್ನು ಯಾವ ಸೇನೆ ಇಟ್ಟುಕೊಳ್ಳುತ್ತದೆ? ಜಿಲ್‌ನವರು ತಮ್ಮ ಸ್ಕ್ರೂ ಗಾಡಿಯನ್ನು ಲಾರಿಯ ಮೇಲೆ ಹೇರಿ ಜೌಗಿನ ಅಂಚಿನವರೆಗೆ ತಂದದ್ದು ಏಕೆ ಎಂದು ನನಗೆ ಅರ್ಥವಾಗಿದ್ದೂ ಆ ಬಿಳಿ ಪುಡಿ ಗುಡಿಸುವಾಗಲೇ. ಸೊಕೊಲೊವ್‌ನ ಟ್ಯಾಂಕು ಕೋಟೆ ಬಿಟ್ಟು ಸುತ್ತಲಿನ ಜೌಗಿಗೆ ಇಳಿದಿದ್ದರೆ ಆ ಬೈಕು ತಪ್ಪಿಸಿಕೊಳ್ಳುತ್ತಿರಲಿಲ್ಲ ಎಂದು ಈಗ ನಂಬುತ್ತೇನೆ.

ಆಗಸ್ಟ್ 10. ಗದ್ದೆ, ಮೊದಲ ಸಲ

ಮಾವನ ಗದ್ದೆಗೆ ನಾಲೆ ನೀರು ಬಂದು, ಟಿಲ್ಲರ್ ಹೊಡೆಸಿ, ಕೆಸರು ಕಲಸಿ ನಾಟಿಗೆ ಬಿಟ್ಟಿದ್ದರು. ಒಂದು ಮೂಲೆ ಬಳಸಿಕೊಳ್ಳಲು ಒಪ್ಪಿದರು. ಕೆಸರಿನ ಆಳ ಮೊಳಕ್ಕೆ ಸ್ವಲ್ಪ ಕಡಿಮೆ. ಗಾಡಿ ಇಳಿಸಿ ರಿಮೋಟಿನ ಕಡ್ಡಿ ತಳ್ಳಿದೆ. ಅರ್ಧ ಮೀಟರ್ ನೇರವಾಗಿ ಹೋಯಿತು, ನಾನು ಕೂಗಿಬಿಟ್ಟೆ. ಅಷ್ಟರಲ್ಲಿ ಎರಡೂ ಉರುಳೆ ಗಕ್ಕನೆ ನಿಂತವು. ಸ್ಪೀಡ್ ಕಂಟ್ರೋಲರ್ ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ. 1000 ಆರ್‌ಪಿಎಂ ಮೋಟರಿಗೆ ಆ ಕೆಸರನ್ನು ದೂಡುವ ತಾಕತ್ತೇ ಇರಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದೆ, ಐದು ಸಲವೂ ಅದೇ.

ಬದುವಿನ ಮೇಲೆ ನಿಂತು ನೋಡುತ್ತಿದ್ದ ಮಾವ, "ಟಿಲ್ಲರ್‌ನ ಸ್ಪೀಡಲ್ಲಿ ಓಡ್ಸುದ್ರೆ ಗದ್ದೆ ಉಳಕ್ಕಾಯ್ತದಾ? ಲೋ ಗೇರಿಗೆ ಹಾಕ್ಬೇಕು" ಅಂದರು. ಮೂವತ್ತು ವರ್ಷ ಕೆಸರಿನಲ್ಲಿ ದುಡಿದ ಆ ಮನುಷ್ಯನನ್ನು ಜೂನ್‌ನಲ್ಲೇ ಕೇಳಬೇಕಿತ್ತು.

ಇನ್ನೊಂದು ತೊಂದರೆಯೂ ಅವತ್ತೇ ಕಂಡಿತು. ಹಿಂದಿನ ಬೆಳೆಯ ಕೂಳೆ, ಹುಲ್ಲು ಉರುಳೆಯ ಮುಂದಿನ ಕಂಬಿಗೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಚಾಕುವಿನಿಂದ ಕತ್ತರಿಸಿ ತೆಗೆಯಲು ಕಾಲು ಗಂಟೆ ಬೇಕಾಯಿತು.

ಆಗಸ್ಟ್ 15ರಿಂದ 17. ಮೂರು ದಿನ, ಒಂದು ಮೋಟರ್ ಸುಟ್ಟಿತು

ರಜೆಯ ಮೂರು ದಿನವೂ ಮಾವನ ಮನೆಯಲ್ಲೇ ಉಳಿದೆ. 300 ಆರ್‌ಪಿಎಂ ಮೋಟರ್ ಎರಡು, 1,300 ರೂ. ಹೊಸ ಕಪ್ಲರ್ 240. ಮೂತಿಗೆ ಎಣ್ಣೆ ಹುಯ್ಯುವ ಪ್ಲಾಸ್ಟಿಕ್ ಆಲಿಕೆ ಎರಡು, 50 ರೂ., ಬಾಲ ಕತ್ತರಿಸಿ ಉರುಳೆಯ ಮುಂದೆ ಕೂರಿಸಿದೆ. ಹುಲ್ಲು ಈಗ ಕಂಬಿಗೆ ಸಿಗದೆ ಪಕ್ಕಕ್ಕೆ ಜಾರುತ್ತದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ದುಡ್ಡಿನ, ಅತಿ ಹೆಚ್ಚು ಉಪಯೋಗದ ಬದಲಾವಣೆ ಇದು.

ಹದಿನೈದರ ಮಧ್ಯಾಹ್ನ ಕೆಸರಿನಲ್ಲಿ ನೇರವಾಗಿ ಓಡಿತು. ಬದುವಿನಿಂದ ಬದುವಿಗೆ ನಾಲ್ಕು ಸಲ ಓಡಿಸಿದೆ. ಹಿಂದೆ ಬಿಟ್ಟ ಜಾಡು ಎರಡು ನೀಟಾದ ಕಾಲುವೆ, ನಡುವೆ ಓರೆ ಗೆರೆಗಳು, ಯಾರೋ ಬಾಚಣಿಗೆ ಎಳೆದಂತೆ. ನೀರು ನಿಧಾನವಾಗಿ ಆ ಗೆರೆಗಳಿಗೆ ತುಂಬುವುದನ್ನು ಕೂತು ನೋಡಿದೆ. ಬದುವನ್ನು ಹತ್ತಲು ಮಾತ್ರ ಆಗಲಿಲ್ಲ. ಮೂತಿ ಮಣ್ಣಿಗೆ ನೆಟ್ಟು, ಹಿಂಭಾಗ ತೋಡಿಕೊಂಡು ಕೆಳಗಿಳಿಯುತ್ತದೆ.

ಮರುದಿನ ಶಾಗೊಹೊಡ್‌ನ ಮೇಲ್ಭಾಗ ಕೂರಿಸಿದೆ. ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಾಳೆಯಲ್ಲಿ ಕತ್ತರಿಸಿದ ಕ್ಯಾಬಿನ್, ಕ್ಷಿಪಣಿಯ ಕೊಳವೆ, ಹಿಂದಿನ ರಾಕೆಟ್‌ಗಳು, ಹಸಿರು ಬಣ್ಣ, ಎಲ್ಲಾ ಸೇರಿ 350 ರೂ. ಎತ್ತರ 38 ಸೆಂ.ಮೀ., ತೂಕ 620 ಗ್ರಾಂ. ಮೊಣಕಾಲು ನೀರಿನ ಕಿರುಗಾಲುವೆಯಲ್ಲಿ, ಚೌಕಟ್ಟಿಗೆ ನೈಲಾನ್ ದಾರ ಕಟ್ಟಿ ಬಿಟ್ಟೆ. ದೊಡ್ಡ ನಾಲೆಯಲ್ಲಿ ಇದನ್ನು ಬಿಡಲೇಬೇಡಿ, ಸೆಳೆತದಲ್ಲಿ ಗಾಡಿಯ ಹಿಂದೆ ಜನ ಇಳಿಯುತ್ತಾರೆ. ನೇರ ಹೋದಾಗ ಚೆನ್ನಾಗಿತ್ತು. ಎಡಕ್ಕೆ ತಿರುಗಿಸಿದೆ, ಮಗುಚಿಕೊಂಡಿತು. ಮೇಲ್ಭಾಗದ ಭಾರ ಹೆಚ್ಚು, ಉರುಳೆಗಳ ಅಂತರ ಕಡಿಮೆ. ಮೇಲೆತ್ತಿದಾಗ ಎಡ ಮೋಟರಿನ ಡಬ್ಬಿಯಿಂದ ಕೆಸರು ನೀರು ತೊಟ್ಟಿಕ್ಕುತ್ತಿತ್ತು. ಒಣಗಿದೆಯೇ ಎಂದು ನೋಡದೆ ಸ್ವಿಚ್ ಹಾಕಿದ್ದು ನನ್ನ ಅವಸರ. ಸುಟ್ಟ ವಾಸನೆ ಬಂತು. 650 ರೂ. ಹೋಯಿತು.

ಓ-ರಿಂಗ್ ತಿರುಗುವ ಕಂಬಿಗೆ ಸಾಲದು. ಮಂಡ್ಯದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯವರು 8 ಮಿ.ಮೀ. ಒಳವ್ಯಾಸದ ಆಯಿಲ್ ಸೀಲ್ ಕೊಟ್ಟು, ತುಟಿಯ ಭಾಗ ನೀರಿನ ಕಡೆಗೆ ಇರಬೇಕು ಎಂದು ಕೈಯಲ್ಲಿ ಹಿಡಿದು ತೋರಿಸಿದರು. ಕಂಬಿ, ಬೇರಿಂಗ್, ಸೀಲ್ ಎಲ್ಲಾ ಸೇರಿ ಇದುವರೆಗೆ 480. ಈಗ ಪ್ರತಿ ಡಬ್ಬಿಗೂ ಸಣ್ಣ ನಳಿಕೆ ಸಿಕ್ಕಿಸಿ, ಬಕೆಟ್ಟಿನಲ್ಲಿ ಮುಳುಗಿಸಿ ಬಾಯಿಂದ ಊದಿ, ಗುಳ್ಳೆ ಬರುತ್ತದೆಯೇ ಎಂದು ನೋಡಿದ ಮೇಲೆಯೇ ನೀರಿಗೆ ಬಿಡುತ್ತೇನೆ.

ಆಗಸ್ಟ್ 24. ಅಳೆದ ಓಟ

ಉರುಳೆಗಳ ಅಂತರವನ್ನು 340 ಮಿ.ಮೀ.ಗೆ ಹಿಗ್ಗಿಸಿದೆ. ಮೇಲ್ಭಾಗವನ್ನು 22 ಸೆಂ.ಮೀ.ಗೆ ತಗ್ಗಿಸಿದೆ. ಕ್ಷಿಪಣಿ ಕೊಳವೆ ತೆಗೆಯುವಾಗ ಸಂಕಟವಾಯಿತು, ಆದರೆ ಆಟದಲ್ಲೂ ಸೇತುವೆ ಸ್ಫೋಟವಾದ ಮೇಲೆ ಅದರ ಹಿಂಭಾಗ ಕಳಚಿ ಮುಂಭಾಗವೊಂದೇ ಹೋರಾಡುತ್ತದಲ್ಲ, ಆ ರೂಪಕ್ಕೆ ಹತ್ತಿರ ಬಂದಿತು. ಬ್ಯಾಟರಿಯನ್ನು ಉರುಳೆಗಳ ನಡುವೆ ತಗ್ಗಿನಲ್ಲಿ ಕಟ್ಟಿದೆ. ಒಟ್ಟು ತೂಕ 3.4 ಕೆ.ಜಿ.

ಗೂಟ ನೆಟ್ಟು ಹತ್ತು ಮೀಟರ್ ಅಳೆದೆ. ಕೆಸರಿನಲ್ಲಿ 21 ಸೆಕೆಂಡು. ಮೋಟರಿನ ವೇಗಕ್ಕೂ ಪಿಚ್‌ಗೂ ಲೆಕ್ಕ ಹಾಕಿದರೆ ಜಾರದೆ ಓಡಿದ್ದಲ್ಲಿ 13 ಸೆಕೆಂಡು ಸಾಕಿತ್ತು, ಅಂದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಜಾರುವಿಕೆಗೆ ಹೋಗುತ್ತಿದೆ. ಅದೇ ದೂರ ಕಿರುಗಾಲುವೆಯ ನಿಂತ ನೀರಿನಲ್ಲಿ 43 ಸೆಕೆಂಡು. ನೀರಿನಲ್ಲಿ ತಿರುಗಿದರೂ ಈಗ ಮಗುಚುವುದಿಲ್ಲ, ವಾಲಿ ಸರಿಯಾಗುತ್ತದೆ. ಬ್ಯಾಟರಿ 26 ನಿಮಿಷ ಬಂತು.

ಒಟ್ಟು ಖರ್ಚು 7,735 ರೂ. ಅದರಲ್ಲಿ ತಪ್ಪು ಮೋಟರ್ 900, ಸುಟ್ಟಿದ್ದು 650, ಬಲಸುತ್ತಿನ ಉರುಳೆ 410, ಸೇರಿ 1,960 ರೂ. ಕೈಬಿಟ್ಟು ಹೋದದ್ದು.

ಉಳಿದ ಕೆಲಸ ಬದು ಹತ್ತಿಸುವುದು. ಮೂತಿಯ ಆಲಿಕೆಯ ಮೇಲೂ ರೆಕ್ಕೆ ಮುಂದುವರಿಸಿದರೆ ಮಣ್ಣನ್ನು ಕಚ್ಚಬಹುದು ಎಂದು ಅನ್ನಿಸುತ್ತಿದೆ. ಆದರೆ ಆಲಿಕೆ ಪಿವಿಸಿ ಅಲ್ಲ, ಸಾಲ್ವೆಂಟ್ ಸಿಮೆಂಟ್ ಅದಕ್ಕೆ ಹಿಡಿಯುವುದಿಲ್ಲ. ಪಿವಿಸಿ ಹಾಳೆಯನ್ನೇ ಬಿಸಿ ನೀರಿನಲ್ಲಿ ಅದ್ದಿ ಮೂತಿಯ ಆಕಾರಕ್ಕೆ ಸುತ್ತಿ ನೋಡಿದೆ, ಎರಡು ಸಲ ಮಡಿಕೆ ಬಿದ್ದು ಹಾಳಾಯಿತು. ಮಾವನ ಗದ್ದೆಯಲ್ಲಿ ಈ ವಾರ ನಾಟಿ. ಅವರು ಪೈರು ಹಿಡಿಯುವ ಮುಂಚೆ ಆ ಮೂಲೆಯ ಜಾಡನ್ನು ಹಲಗೆ ಎಳೆದು ಸಮ ಮಾಡಿಕೊಡಬೇಕು. ಮೂರನೇ ಹಾಳೆ ಕಡಪ ಕಲ್ಲಿನ ಕೆಳಗೆ ಇದೆ.